ಸುಮ್ನ ಅಂದರೆ ಯಾರು ನಂಬುತ್ತಾರೆ

ಟ್ರಂಕಿನ ತಳದಿಂದ ಕುಂಚಿಗೆಯನ್ನು ಎಳೆದಾಗ ಮೊದಲು ಬಂದದ್ದು ಬಜೆಯ ವಾಸನೆ. ಕೂಸಿನ ಅರಿವೆಯ ನಡುವೆ ಬಜೆಬೇರು ಇಟ್ಟರೆ ಹುಳ ಹತ್ತುವುದಿಲ್ಲ, ಕೆಟ್ಟ ಕಣ್ಣೂ ತಾಗುವುದಿಲ್ಲ ಎಂದು ಅವ್ವ ಇಟ್ಟದ್ದು. ಮಗಳು ಈಗ ಬಸುರಿ. "ನಾ ಸಣ್ಣಾಕಿದ್ದಾಗ ಹಾಕ್ಕೊಂಡಿದ್ದ ಕುಂಚಿಗಿ ಅದ ಏನವ್ವಾ?" ಎಂದು ಫೋನಿನಲ್ಲಿ ಕೇಳಿದ್ದಳು. ಇತ್ತು. ಕರಿ ಇಳಕಲ್ ಸೀರೆಯ ತುಂಡಿನಲ್ಲಿ ಹೊಲಿದ, ತಲೆಯಿಂದ ಬೆನ್ನ ಮೇಲೆ ಇಳಿಬೀಳುವ ಕೂಸಿನ ಟೋಪಿ. ಬೆನ್ನಿನ ಭಾಗದಲ್ಲಿ ಕಸೂತಿಯ ತುಳಸಿಕಟ್ಟೆ, ಆಚೀಚೆ ಎರಡು ನವಿಲು. ಹೊರಗಿನಿಂದ ನೋಡಿದರೆ ಒಂದೆಳೆಯೂ ಹೆಚ್ಚುಕಡಿಮೆ ಇಲ್ಲ. ಆದರೆ ಹೊರಗಿನದನ್ನಷ್ಟೇ ನೋಡಿ ಸುಮ್ಮನಾಗುವ ಜಾತಿಯವಳಲ್ಲ ನಾನು. ಒಳಗೆ ಕೈ ಹಾಕಿ ಅಸ್ತರಿನ ಮೇಲೆ ಬೆರಳಾಡಿಸಿದೆ. ಇದ್ದವು... ಅಲ್ಲಲ್ಲಿ, ಸಾಸಿವೆ ಕಾಳಿನಷ್ಟು ಗಂಟುಗಳು.

ಆ ಕಸೂತಿ ಹಾಕಿದವರು ಬಾಗಲಕೋಟೆ ನವನಗರದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ವೈನಿ. ವೈನಿ ಅಂದರೆ ಅತ್ತಿಗೆ, ಆದರೆ ಅವರು ನನಗೆ ಬಂಧುವಲ್ಲ. ಓಣಿಗೆಲ್ಲ ವೈನಿ, ಹಾಗಾಗಿ ನನಗೂ ವೈನಿ.

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆತನಕ್ಕೇ ಸಂಶಯ ಜಾಸ್ತಿ. ಅವ್ವ ಕಲ್ಲಂಗಡಿಯನ್ನು ಬಡಿದು, ಮೂಸಿ, ವ್ಯಾಪಾರಿಯ ಮುಖ ನೋಡಿ, ಕಡೆಗೆ ಬೇರೆಯದನ್ನು ಕೊಳ್ಳುವವಳು. ಅಪ್ಪ ಗಡಿಯಾರವನ್ನು ರೇಡಿಯೋಕ್ಕೆ ಹೋಲಿಸಿ ನೋಡುತ್ತಿದ್ದ. ರೇಡಿಯೋ ಸರಿಯಿದೆಯೇ ಎಂದು ಮತ್ತೆ ಪಕ್ಕದ ಮನೆಯವರನ್ನು ಕೇಳುತ್ತಿದ್ದ. ನವನಗರ ಆಗ ಇನ್ನೂ ಹೊಸದು. ಅಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆಯಲ್ಲಿ ಮನೆ ಮುಳುಗಿದವರೆಲ್ಲ ಸೆಕ್ಟರು, ಪ್ಲಾಟು ಹಿಡಿದು ಬಂದಿದ್ದರು. ಹಳೇ ಊರಿನಲ್ಲಿ ಯಾರ ಮನೆಯ ಸಾರಿಗೆ ಉಪ್ಪು ಹೆಚ್ಚಾಯಿತು ಎಂಬುದೂ ಗೊತ್ತಿರುತ್ತಿತ್ತು. ಇಲ್ಲಿ ಎದುರು ಬಾಗಿಲಿನವರು ಯಾರೋ, ಏನೋ. ಗೊತ್ತಿಲ್ಲದ ಜಾಗವನ್ನೆಲ್ಲ ಜನ ಅನುಮಾನದಿಂದ ತುಂಬಿಕೊಂಡರು.

ಡಿಗ್ರಿ ಮುಗಿಸಿ, ಮನೆಯವರು ವರ ನೋಡುತ್ತಿದ್ದ ದಿನಗಳಲ್ಲಿ ನಾನು ವೈನಿಯ ಹತ್ತಿರ ಕಸೂತಿ ಕಲಿಯಲು ಹೋಗುತ್ತಿದ್ದೆ. ಅವರ ಕೈಯ ಕಸೂತಿ ಬೇಕೆಂದು ಇಳಕಲ್‌ನಿಂದ, ಹುನಗುಂದದಿಂದ ಸೀರೆ ಹಿಡಿದು ಬರುತ್ತಿದ್ದರು. ಬಟ್ಟೆಯ ಮೇಲೆ ಪೆನ್ಸಿಲ್ಲಿನ ಗೆರೆ ಇಲ್ಲ. ಎಳೆ ಎಣಿಸಿ ಎಣಿಸಿ ಹಾಕಬೇಕು. ಒಳಮೈಯೂ ಹೊರಮೈಯಂತೆಯೇ ಕಾಣಬೇಕು, ಎಲ್ಲೂ ಗಂಟು ಬೀಳಬಾರದು. ಗಾವಂತಿ ಎನ್ನುವ ಹೊಲಿಗೆಯಲ್ಲಂತೂ ಸೂಜಿ ಹೋಗುವಾಗ ಒಂದು ಮನೆ ಹಾಕಿ ಒಂದು ಮನೆ ಬಿಟ್ಟು ಹೋಗುತ್ತದೆ. ತಿರುಗಿ ಬರುವಾಗ ಆ ಬಿಟ್ಟ ಮನೆಗಳನ್ನು ತುಂಬುತ್ತ ಹೊರಟಲ್ಲಿಗೇ ಬಂದು ಸೇರುತ್ತದೆ. ನಾನು ಅವಸರದವಳು. ಹೋಗುವಾಗಲೇ ಎಲ್ಲ ತುಂಬಿಬಿಡುತ್ತಿದ್ದೆ. ಆಮೇಲೆ ಸೂಜಿ ಒಂದು ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ದಾರ ಕತ್ತರಿಸಿ ಗಂಟು ಹಾಕದೆ ಗತಿಯಿರಲಿಲ್ಲ.

"ಹೋಗೂ ಮುಂದ ಎಲ್ಲಾ ತುಂಬಿಕೋತ ಹೋದ್ರ ಬರ್ಲಿಕ್ಕೆ ಜಾಗಾ ಎಲ್ಲಿರ್ತದ ಹುಡುಗಿ?" ಎಂದು ವೈನಿ ನಗುತ್ತಿದ್ದರು. ಬಿಚ್ಚಿ ಮತ್ತೆ ಹಾಕಿಸುತ್ತಿದ್ದರು.

ಅಂಥ ವೈನಿ ದಿನಾ ಇಳಿಹೊತ್ತಿಗೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದುಬಿಡುತ್ತಿದ್ದರು. ನವಿಲಿನ ಕೊರಳು ಅರ್ಧಕ್ಕೇ ನಿಂತಿರಲಿ, ಸೀರೆಯವರು ಹೊರಗೆ ಕಾಯುತ್ತ ಕೂತಿರಲಿ, ಏಳುವುದೇ. ಮುಖ ತೊಳೆದು, ಕುಂಕುಮ ತಿದ್ದಿಕೊಂಡು, ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದಲ್ಲ, ಅಪಶಕುನ. "ದೂರ ಹೊಂಟ್ರೇನ್ರಿ ವೈನಿ?" ಎಂದು ಓಣಿಯ ಹೆಂಗಸರು ಕೇಳುತ್ತಿದ್ದರು.

"ಇಲ್ಲೇ, ಸುಮ್ನ ಹೋಗಿ ಬರ್ತೇನಿ."

ಸುಮ್ನ! ಗಂಡ, ಅತ್ತೆ, ಅಡುಗೆಮನೆ ಇರುವ ಹೆಂಗಸು ದಿನಾ ಒಂದೇ ಹೊತ್ತಿಗೆ ಸುಮ್ನ ಹೋಗುತ್ತಾಳೆಂದರೆ ಯಾರು ನಂಬುತ್ತಾರೆ? ಗುಡಿಗೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಕೈಯಲ್ಲಿ ಒಂದು ಚೀಲ ಇದ್ದಿದ್ದರೂ ಸಾಕಿತ್ತು. ಅವರು ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರುತ್ತಿದ್ದರು, ಅದೂ ಹೋಗುವಾಗಿನದಕ್ಕಿಂತ ಗೆಲುವಾಗಿ. ಅವ್ವ ದವಾಖಾನೆ ಎಂದು ತೀರ್ಮಾನಿಸಿದಳು. "ಏನೋ ಒಳರೋಗ ಐತಿ, ಮುಚ್ಚಿಟ್ಟಾಳ." ರೋಗಿಷ್ಠರಿಗೆ ಅಷ್ಟು ಗೆಲುವು ಎಲ್ಲಿಂದ ಎಂದು ಕೇಳಿದರೆ, "ಅದಕ್ಕ ಸಂಶೆ" ಎಂದಳು. ವೈನಿಯ ಅತ್ತೆ ಬೇರೆ ದಾರಿ ಹಿಡಿದಿದ್ದರು. ಸೊಸೆ ಬಂದು ಬಚ್ಚಲಿಗೆ ಹೋದೊಡನೆ ಚಪ್ಪಲಿ ಮಗುಚಿ, ಹತ್ತಿದ ಮಣ್ಣು ಕರಿಯದೋ ಕೆಂಪೋ ಎಂದು ನೋಡುತ್ತಿದ್ದರು. ನಾನು ಅದನ್ನು ಕಿಟಕಿಯಿಂದ ನೋಡುತ್ತಿದ್ದೆ. ಒಂದು ದಿನ ತಡೆಯಲಾರದೆ ವೈನಿಯ ಹಿಂದೆಯೇ ಹೊರಟೆ.

ಅವರು ಸ್ಟ್ಯಾಂಡಿಗೆ ಹೋಗಿ ಹಳೇ ಊರಿನ ಸಿಟಿ ಬಸ್ಸು ಹತ್ತಿದರು. ನಾನು ಸೆರಗು ಮುಂದಕ್ಕೆಳೆದುಕೊಂಡು ಹಿಂದಿನ ಬಾಗಿಲಿನಿಂದ ಹತ್ತಿದೆ. ವೈನಿ ಕಿಟಕಿಯ ಪಕ್ಕ ಕೂತರು. ಕಂಡಕ್ಟರ್ ಏನೂ ಕೇಳದೆ ಟಿಕೆಟ್ಟು ಹರಿದುಕೊಟ್ಟ, ಏನೋ ಚೇಷ್ಟೆ ಮಾಡಿದ, ವೈನಿ ನಕ್ಕರು. ಸಿಕ್ಕಿತು ಎಂದುಕೊಂಡೆ. ಹಳೇ ಊರು ಬಂತು, ಎಲ್ಲರೂ ಇಳಿದರು, ಅವರು ಇಳಿಯಲಿಲ್ಲ. ಕಿಟಕಿಯಿಂದಲೇ ಒಂದು ಪ್ಯಾರಲ ಹಣ್ಣು ಕೊಂಡು, ಉಪ್ಪು ಖಾರ ಹಚ್ಚಿಸಿಕೊಂಡು, ಕಚ್ಚಿ ತಿಂದರು. ಬಸ್ಸು ತಿರುಗಿತು. ಹಿನ್ನೀರು ಕಂಡಿತು, ಹೋಯಿತು. ಅವರು ಅದನ್ನೂ ವಿಶೇಷವಾಗಿ ನೋಡಲಿಲ್ಲ. ನವನಗರದಲ್ಲಿ ಇಳಿದು ಮನೆಗೆ ನಡೆದರು. ಅಷ್ಟೇ.

ಅಷ್ಟೇ ಇರಲು ಸಾಧ್ಯವೇ? ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ನಮ್ಮಂಥವರಿಗಾಗಿಯೇ ಹೇಳಿದ್ದು. ಮರುದಿನವೂ ಹೋದೆ. ಅದೇ ಬಸ್ಸು, ಅದೇ ಪ್ಯಾರಲ ಹಣ್ಣು. ಇಳಿಯುವಾಗ ವೈನಿ ಹಿಂತಿರುಗಿಯೂ ನೋಡದೆ ಹೇಳಿದರು: "ನಾಳೆ ಬರೂದಿದ್ರ ಮುಂದ ಬಂದು ಕೂಡು. ಕಿಡಕಿ ಬಾಜೂ ಜಾಗಾ ಹಿಡದಿರ್ತೇನಿ."

ಮೂರನೆಯ ದಿನ ನಾಚಿಕೆ ಬಿಟ್ಟು ಪಕ್ಕದಲ್ಲೇ ಕೂತೆ. ಇದೇನು ವೈನಿ ಇದು, ಇದರಲ್ಲಿ ಏನಿದೆ ಎಂದು ಕೇಳಿಯೂಬಿಟ್ಟೆ. ಅವರು ಹಣ್ಣನ್ನು ಅರ್ಧ ಮುರಿದು ಕೊಟ್ಟರು.

"ಮನ್ಯಾಗ ಕೂತ್ರ ಎಳಿ ಎಣಸೂದು ನಿಲ್ಲಂಗಿಲ್ಲ ನೋಡು. ರೊಟ್ಟಿ ಮ್ಯಾಲೂ ಎಳಿ ಕಾಣಸ್ತಾವ, ಅತ್ತಿಯವರ ಸೀರಿ ಮ್ಯಾಲೂ ಕಾಣಸ್ತಾವ. ಇಲ್ಲಿ ಹಂಗಲ್ಲ. ಯಾವುದರೆ ಒಂದು ಎಣಸಬೇಕು ಅನ್ನೂದ್ರಾಗ ಅದು ಹಿಂದ ಹೋಗಿರ್ತದ."

ಖರೆ ಹೇಳಬೇಕೆಂದರೆ ನಾನು ಪೂರ್ತಿ ನಂಬಲಿಲ್ಲ. ಆದರೆ ಆ ದಿನ ಬಂದು ಕೂತಾಗ ಅವರ ಸೂಜಿ ಹೇಗೆ ಓಡಿತೆಂದರೆ, ಅರ್ಧಕ್ಕೆ ನಿಂತಿದ್ದ ನವಿಲಿನ ಕೊರಳು ದೀಪ ಹಚ್ಚುವ ಹೊತ್ತಿಗೆ ಮುಗಿದಿತ್ತು. ತಿರುವಿ ನೋಡಿದೆ. ಒಳಗೂ ಅದೇ ನವಿಲು.

ಕಂಡಕ್ಟರನ ಜೊತೆ ವೈನಿ ನಕ್ಕದ್ದನ್ನು ನಾನೊಬ್ಬಳೇ ನೋಡಿರಲಿಲ್ಲ. ಮೂಲೆಮನೆಯಾಕೆಯೂ ಒಂದು ದಿನ ಆ ಬಸ್ಸಿನಲ್ಲಿದ್ದಳಂತೆ. ಬೆಂಕಿ ಇಲ್ಲದೆ ಹೊಗೆಯಾಡುವುದಿಲ್ಲ ಎಂದು ಓಣಿಯೇ ಊದಿತು. ಸುದ್ದಿ ವೈನಿಯ ಗಂಡನವರೆಗೂ ಹೋಯಿತು. ಅವರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಸರಕಾರಿ ಕಚೇರಿಯ ಕೆಲಸ, ಮೆತ್ತಗಿನ ಮಾತು, ಇದ್ದೊಂದು ಸ್ಕೂಟರನ್ನು ದಿನಾ ಒರೆಸಿ ಇಡುವವರು. ಈಗ ಆ ಮನೆಯಲ್ಲಿ ರಂಪವಾಗುತ್ತದೆ ಎಂದು ನಾವು ಕಿವಿಗೊಟ್ಟು ಕೂತೆವು. ಆಗಲಿಲ್ಲ. ಮರುದಿನ ರಾಯರು ಕಚೇರಿಯಿಂದ ಬೇಗ ಬಂದು ಸ್ಕೂಟರ್ ತಿರುಗಿಸಿ ನಿಲ್ಲಿಸಿದರು. ಓಣಿಗೆಲ್ಲ ಕೇಳುವಂತೆ ಹೇಳಿದರು: "ಬಸ್ಸಿನ್ಯಾಗ ಧಕ್ಕಾ ತಿನ್ನೂದ್ಯಾಕ? ನಾನ ಕರ್ಕೊಂಡು ಹೋಗ್ತೇನಿ ಬಾ."

ಬೈದಿದ್ದರೆ ವೈನಿ ತಿರುಗಿ ಮಾತಾಡುತ್ತಿದ್ದರೇನೋ. ಪ್ರೀತಿಯಿಂದ ಕರೆದ ಗಂಡನಿಗೆ ಏನೆಂದು ಹೇಳುವುದು? ಹಿಂದೆ ಹತ್ತಿ ಕೂತರು. ಓಣಿಯ ತಿರುವಿನಲ್ಲಿ ರಾಯರು ಸ್ಕೂಟರ್ ನಿಧಾನ ಮಾಡಿ ಕೇಳಿದರು, "ಎತ್ತಾಗ ಹೋಗೂಣು? ಎಡಕ್ಕೋ ಬಲಕ್ಕೋ?" ಬಸ್ಸಿಗೆ ತನ್ನ ದಾರಿ ತಾನೇ ಗೊತ್ತು, ಸ್ಕೂಟರಿಗೆ ಹೇಳಬೇಕಲ್ಲ. ಸುಮ್ನ ಎಂಬ ಊರು ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ವೈನಿ "ಕಾಯಿಪಲ್ಲೆ ತರೂಣು" ಎಂದರು.

ಅಲ್ಲಿಂದ ದಿನಾ ಕಾಯಿಪಲ್ಲೆ ಬಂತು. ಆಮೇಲೆ, ಇಷ್ಟು ಕಾಯಿಪಲ್ಲೆ ಯಾರು ತಿನ್ನಬೇಕು ಎಂದು ಅತ್ತೆ ಕೇಳಿದರು. ನ್ಯಾಯವಾದ ಮಾತೇ. ದಿನ ಬಿಟ್ಟು ದಿನವಾಯಿತು, ವಾರಕ್ಕೊಮ್ಮೆಯಾಯಿತು, ನಿಂತಿತು. ಹೆಂಡತಿಗೆ ಪ್ಯಾರಲ ಹಣ್ಣು ಇಷ್ಟವೆಂದು ಯಾರಿಂದಲೋ ತಿಳಿದು ರಾಯರು ಚೀಲಗಟ್ಟಲೆ ತಂದಿಟ್ಟರು. ಅವು ಕಟ್ಟೆಯ ಮೇಲೆ ಹಣ್ಣಾಗಿ, ಮೆತ್ತಗಾಗಿ, ಓಣಿಯ ತುಂಬ ನಾತ ಹಿಡಿಸಿದವು. ಎಷ್ಟು ಒಳ್ಳೆಯ ಗಂಡ ಎಂದಳು ಅವ್ವ. ನನಗೂ ಹಾಗೆಯೇ ಅನ್ನಿಸಿತ್ತು... ಆದರೂ ಇಳಿಹೊತ್ತಿನಲ್ಲಿ ಎದುರು ಮನೆಯ ಬಾಗಿಲಲ್ಲಿ ವೈನಿ ಸೂಜಿ ಹಿಡಿದು ತಲೆ ತಗ್ಗಿಸಿ ಕೂತಿರುವುದನ್ನು ಕಂಡರೆ ನಾನು ಕಿಟಕಿಯಿಂದ ಸರಿದುಬಿಡುತ್ತಿದ್ದೆ. ಮನೆಯಲ್ಲೇ ಇರುತ್ತಾರಲ್ಲ ಎಂದು ಸೀರೆಗಳು ಇನ್ನೂ ಹೆಚ್ಚು ಬಂದವು.

ನಾನು ಮದುವೆಯಾಗಿ ಹುನಗುಂದಕ್ಕೆ ಹೋದೆ. ಬಾಣಂತನಕ್ಕೆ ತವರಿಗೆ ಬಂದಾಗ ವೈನಿ ಈ ಕುಂಚಿಗೆ ತಂದು ಕೂಸಿನ ತಲೆಗೆ ಹಾಕಿದರು. ಓಣಿಯೆಲ್ಲ ಬಂದು ನೋಡಿ ಹೊಗಳಿತು. ಕೂಸು ಮಾತ್ರ ಒಂದೇ ಸಮ ಅತ್ತಿತು. ಬಿಚ್ಚಿದರೆ ಕುತ್ತಿಗೆಯ ಹಿಂದೆ ಕೆಂಪಗಾಗಿತ್ತು. ಕುಂಚಿಗೆ ತಿರುವಿದೆ. ವೈನಿಯ ಕೈಯ ಕಸೂತಿಯಲ್ಲಿ ಗಂಟು... ಒಂದಲ್ಲ, ನವಿಲಿನ ಕೊರಳುದ್ದಕ್ಕೂ. ಬೇರೆಯವರಿಂದ ಹಾಕಿಸಿದ್ದಾರೆ ಎಂದೇ ನನಗೆ ಮೊದಲು ಹೊಳೆದದ್ದು. ಹುಟ್ಟುಗುಣ, ಎಲ್ಲಿ ಹೋಗುತ್ತದೆ?

ವೈನಿ ನನ್ನ ಮುಖವನ್ನೇ ನೋಡುತ್ತಿದ್ದರು. "ನಾನ ಹಾಕಿದ್ದು" ಎಂದರು. "ಸೂಜಿ ಅಲ್ಲಲ್ಲೇ ಸಿಕ್ಕೊಂಡು ಬಿಡ್ತದ ಈಗ. ಬರೂ ದಾರಿ ಕಾಣಸಂಗಿಲ್ಲ. ಒಂದು ಮೆತ್ತನ್ನ ಅಸ್ತರ ಹಚ್ಚಿಬಿಡು, ಯಾರಿಗೂ ಗೊತ್ತಾಗಂಗಿಲ್ಲ." ಅಸ್ತರು ನಾನೇ ಹಚ್ಚಿದೆ. ಯಾರಿಗೂ ಗೊತ್ತಾಗಲಿಲ್ಲ.

ವೈನಿ ತೀರಿಕೊಂಡು ಕೆಲವು ವರ್ಷಗಳಾದವು. ಈಗ ಹೆಂಗಸರಿಗೆ ಬಸ್ಸಿನಲ್ಲಿ ಪುಕ್ಕಟೆ. ಹತ್ತಿದಾಗಲೆಲ್ಲ ಅವರಿರಬೇಕಿತ್ತು ಅನ್ನಿಸುತ್ತದೆ. ಇದ್ದಿದ್ದರೆ ಕಿಟಕಿಯ ಪಕ್ಕ ಜಾಗ ಹಿಡಿದು ಕೂತು ಊರೂರು ಸುತ್ತುತ್ತಿದ್ದರು. ಇಷ್ಟು ವರ್ಷವಾದರೂ ಅವರನ್ನು ನೆನೆದರೆ ನನಗೆ ಅಳು ಬರುತ್ತದೆ.

ಕುಂಚಿಗೆಯ ಅಸ್ತರು ಹಳತಾಗಿತ್ತು. ಈಗ ನನಗೆ ಸೂಜಿಯ ಕಣ್ಣು ಕಾಣುವುದಿಲ್ಲ, ಹೊಸದು ಹಾಕಿಸಲೆಂದು ಹೋದ ವಾರ ಬಾಗಲಕೋಟೆಗೆ ಹೋದೆ. ಹಳೇ ಊರಿನಲ್ಲಿ ಗುರುತಿನ ಟೇಲರ್ ಒಬ್ಬರಿದ್ದಾರೆ. ನವನಗರದಿಂದ ಸಿಟಿ ಬಸ್ಸು ಹತ್ತಿದರೆ ಕಿಟಕಿಯ ಪಕ್ಕ ರಾಯರು ಕೂತಿದ್ದರು. ತೊಡೆಯ ಮೇಲೆ ಕಾಗದದಲ್ಲಿ ಒಂದು ಪ್ಯಾರಲ ಹಣ್ಣು, ಕಚ್ಚಿರಲಿಲ್ಲ. ಗುರುತು ಹಿಡಿದು ಸರಿದು ಕೂತರು.

"ದೂರ ಹೊಂಟ್ರೇನ್ರಿ ರಾಯರ?"

"ಇಲ್ಲೇ, ಸುಮ್ನ" ಎಂದರು. ಆಮೇಲೆ ತಾವೇ ಹೇಳಿದರು: "ಆಕಿ ಹೋದ ಮ್ಯಾಲಿಂದ ದಿನಾ ಬರ್ಲಿಕ್ಕತ್ತೇನಿ. ಇದರಾಗ ಏನದ ಅಂತ ನೋಡೂಣು ಅಂತ. ಏನೂ ಇಲ್ಲವ್ವಾ. ಅಂಗಡಿ, ಧೂಳು, ಲೈಟಿನ ಕಂಬ. ಕಂಬ ಎಷ್ಟದಾವ ಅಂತ ಸೈತ ಎಣಿಸೇನಿ."

ನನ್ನ ಕೈಯಲ್ಲಿದ್ದ ಕುಂಚಿಗೆಯ ಮೇಲೆ ಅವರ ಕಣ್ಣು ಬಿತ್ತು. ತೆಗೆದುಕೊಂಡು ತುಳಸಿಕಟ್ಟೆಯ ಮೇಲೆ, ನವಿಲಿನ ಮೇಲೆ ಮೆಲ್ಲಗೆ ಕೈಯಾಡಿಸಿದರು. ಮುಖ ಅರಳಿತು. "ಇದು ಮನ್ಯಾಗ ಕೂತು ಹಾಕಿದ್ದು, ನನಗ ನೆನಪದ. ಅಡ್ಡಾಡೂದು ಬಿಟ್ಟ ಮ್ಯಾಲೆ ಆಕಿ ಕೈ ಎಷ್ಟು ಛಲೋ ಕೂತಿತ್ತು ನೋಡು!" ಒಳಗೆ ತಿರುವಿ ನೋಡಿಯಾರೆಂದು ನಾನು ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅವರು ತಿರುವಲಿಲ್ಲ.

ಹಿನ್ನೀರು ದಾಟಿದ ಮೇಲೆ ದನಿ ತಗ್ಗಿಸಿ ಕೇಳಿದರು: "ನೀ ಆಕಿ ಸಂಗಾಟ ಬಂದಾಕಿ. ನಿನಗೇನರೆ ಹೇಳಿದ್ಲೇನು? ಯಾಕ ಹೋಗ್ತಿದ್ಲಂತ? ಇನ್ನ ಹೇಳಿದ್ರೇನು ತಪ್ಪಿಲ್ಲ."

ಮನೆಯಲ್ಲಿ ಕೂತರೆ ಎಳೆ ಎಣಿಸುವುದು ನಿಲ್ಲುವುದಿಲ್ಲ ಎಂದು ವೈನಿ ಹೇಳಿದ ಮಾತು ನಾಲಗೆಯ ತುದಿಗೆ ಬಂತು. ಕುಂಚಿಗೆ ಅವರ ತೊಡೆಯ ಮೇಲಿತ್ತು.

"ಇಲ್ರಿ ರಾಯರ. ಸುಮ್ನ ಹೋಗ್ತೇನಿ ಅಂತಿದ್ರು."

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಆ ನೋಟದ ಗುರುತು ನನಗಿತ್ತು, ಅದು ನಮ್ಮ ಮನೆಯದೇ. ನಂಬಲಿಲ್ಲ. ಕುಂಚಿಗೆಯನ್ನು ಮಡಚಿ ನನ್ನ ಕೈಗಿಟ್ಟು ಕಿಟಕಿಯ ಕಡೆ ತಿರುಗಿದರು. ಸ್ವಲ್ಪ ಹೊತ್ತಿಗೆ ಅವರ ತುಟಿಗಳು ಅಲುಗತೊಡಗಿದವು. ಹೊರಗೆ ಒಂದೊಂದೇ ಕಂಬ ಹಿಂದಕ್ಕೆ ಹೋಗುತ್ತಿತ್ತು.