ಕೆಡದ ಟ್ಯಾಂಕಿಗೆ ಬಣ್ಣವಿಲ್ಲ

ಊರಿನ ಹೆಸರು ಹೇಳುವುದಿಲ್ಲ. ಇಂಡಿಯೋ, ಸಿಂದಗಿಯೋ, ಮುದ್ದೇಬಿಹಾಳವೋ, ಬಸವನ ಬಾಗೇವಾಡಿಯೋ, ಯಾವುದಾದರೂ ಅಂದುಕೊಳ್ಳಿ. ಹೇಳಿದರೆ ಬರಬೇಕಾದ ಬಣ್ಣ ಇನ್ನೂ ತಡವಾದೀತು. ಅಲ್ಲಿನ ಸರ್ಕಲ್ಲಿನಲ್ಲಿ ಸೈನ್ಯದಿಂದ ನಿವೃತ್ತಿಯಾದ ಒಂದು ಟ್ಯಾಂಕು ನಿಂತಿದೆ. ಸೈನ್ಯದಿಂದ ನಿವೃತ್ತನಾದ ನಾನು ಅದನ್ನು ನೋಡಿಕೊಳ್ಳುತ್ತೇನೆ. ಇಪ್ಪತ್ತೆರಡು ವರ್ಷ ಇಂಥವೇ ಟ್ಯಾಂಕುಗಳಿಗೆ ಗ್ರೀಸು ತಿನ್ನಿಸಿದವನು ನಾನು. ನನ್ನ ಕೈಯಲ್ಲಿ ಒಂದು ಗಾಡಿಯೂ ಕೆಟ್ಟು ನಿಲ್ಲಲಿಲ್ಲ. ಅದಕ್ಕೇ ಒಬ್ಬ ಸಾಹೇಬರು, “ಏನೂ ಕೆಡುವುದೇ ಇಲ್ಲವಲ್ಲ, ಇಷ್ಟು ಗ್ರೀಸು ಯಾಕೆ?” ಎಂದು ಕೇಳಿದ್ದರು. ದಡ್ಡತನಕ್ಕೂ ಒಂದು ಮಿತಿ ಬೇಡವೇ!

ಕಳೆದ ಮಳೆಗಾಲ ಮುಗಿದಾಗ ಟ್ಯಾಂಕಿನ ಚೈನಿನ ಮೇಲಿನ ತಗಡಿಗೆ ತುಕ್ಕು ಹತ್ತಿತು. ಉಜ್ಜಿ ಬಣ್ಣ ಬಳಿದರೆ ಉಳಿಯುತ್ತದೆ, ಬಿಟ್ಟರೆ ತಗಡು ಹೋದಂತೆಯೇ. ಬಣ್ಣ ಬೇಕೆಂದು ಪುರಸಭೆ ಕಚೇರಿಗೆ ಅರ್ಜಿ ಕೊಟ್ಟೆ. ಅಲ್ಲಿನ ಇಂಜಿನಿಯರ್, ನನ್ನ ಮಗಳ ವಯಸ್ಸಿನ ಹುಡುಗಿ, ಓದಿ ತಲೆಯೆತ್ತಿದಳು.

“ಕಾಕಾ, ಏನರ ಕೆಟ್ಟೈತೇನ್ರಿ?”

“ಕೆಡಬಾರದಂತನ ಬಣ್ಣ ಕೇಳಾಕತ್ತೇನಿ, ನಮ್ಮವ್ವಾ.”

“ಕೆಟ್ಟಿದ್ದಕ್ಕ ರಿಪೇರಿ ಅಂತ ರೊಕ್ಕ ಬರ್ತೈತ್ರಿ. ಕೆಡಲಾರದ್ದಕ್ಕ ಏನಂತ ಬರೀಲಿ? ಇಂಜಿನ್ ಕೆಟ್ಟೈತಿ ಅಂತ ಬರೀಲೇನ್ರಿ?”

“ಅದಕ್ಕ ಇಂಜಿನ್ನ ಇಲ್ಲ!”

“ಅಯ್ಯ, ಹಂಗಾದ್ರ ಅದೂ ಕೆಟ್ಟಿಲ್ಲ ಬಿಡ್ರಿ,” ಎಂದು ನಿಟ್ಟುಸಿರಿಟ್ಟಳು. ಪಾಪ, ಅವಳಿಗೂ ಬೇಜಾರಾಗಿತ್ತು.

ನನ್ನ ಹೆಂಡತಿ ಉಪಾಯ ಹೇಳಿದಳು. “ಒಂದ್ ಲೈಟ್ ಒಡೀರಿ. ರಿಪೇರಿಗೆ ಬಂದವ್ರು ಹಂಗ ಬಣ್ಣಾನೂ ಹಚ್ಚತಾರ.” ಜೀವಮಾನದಲ್ಲಿ ಒಂದು ಸ್ಕ್ರೂವನ್ನೂ ಹಾಳು ಮಾಡದ ನಾನು, ಮಟಮಟ ಮಧ್ಯಾಹ್ನ ಸರ್ಕಲ್ಲಿನಲ್ಲಿ ಯಾರೂ ಇಲ್ಲದಾಗ, ಸುತ್ತಿಗೆಯಿಂದ ಟ್ಯಾಂಕಿನ ಲೈಟು ಒಡೆದೆ. ಥೂ, ನನ್ನ ಜನ್ಮಕ್ಕಿಷ್ಟು!

ಮನಗೂಳಿಯಿಂದ ಒಬ್ಬ ಮಿಸ್ತ್ರಿ ಬಂದ. ಬ್ಯಾಟರಿಯೇ ಇಲ್ಲದ ಟ್ಯಾಂಕಿಗೆ ಹೊಚ್ಚಹೊಸ ಲೈಟು ಕೂಡಿಸಿ, ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹೋದ. ತುಕ್ಕಿನ ಕಡೆ ತಿರುಗಿಯೂ ನೋಡಲಿಲ್ಲ. ಅದು ಅವನ ಕಾಗದದಲ್ಲಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಈ ಸಲ ತಗಡನ್ನೇ ಕೆಡಿಸುತ್ತೇನೆ, ಅದೇನು ಮಾಡುತ್ತಾರೋ ನೋಡೋಣ ಎಂದು ಮತ್ತೆ ಸುತ್ತಿಗೆ ಹಿಡಿದು ಹೋದೆ. ಎಲ್ಲಿ ಹೊಡೆಯಲಿ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಬೆರಳು ಆಚೆ ಹೋಯಿತು.

ಸುದ್ದಿ ತಿಳಿದ ಇಂಜಿನಿಯರ್ ಮರುದಿನ ಓಡಿ ಬಂದು ತೂತಿನ ಫೋಟೊ ತೆಗೆದಳು. “ಆತ್ರಿ ಕಾಕಾ! ಈಗ ಹೊಸಾ ತಗಡೂ ಬರ್ತೈತಿ, ಬಣ್ಣಾನೂ ಬರ್ತೈತಿ!” ಎಂದು ಪೇಢೆ ಕೊಟ್ಟಳು. ಬಾಯಲ್ಲಿ ಇಟ್ಟುಕೊಂಡೆ. ಆ ತೂತಿನ ಮುಂದೆ ನಿಂತು ಅತ್ತುಬಿಟ್ಟೆ. ಸಂತೋಷಕ್ಕೆ ಅಳುತ್ತಿದ್ದೇನೆ ಅಂದುಕೊಂಡು ಅವಳು ಇನ್ನೊಂದು ಪೇಢೆ ಕೊಟ್ಟಳು.