ಜ್ವರವೆಂದು ಬರೆದ ರಜೆ

ಚಹಾದ ಲೋಟವನ್ನು ಅವರು ಎಡಗೈಯಲ್ಲೇ ಹಿಡಿಯುತ್ತಿದ್ದರು. ಆ ಕೈಯಲ್ಲಿ ಕಿರುಬೆರಳೂ ಉಂಗುರದ ಬೆರಳೂ ಇರಲಿಲ್ಲ. ಉಳಿದ ಮೂರರಲ್ಲೇ ಬಿಸಿ ಲೋಟ ಒಂದಿಷ್ಟೂ ಅಲುಗದೆ ನಿಲ್ಲುತ್ತಿತ್ತು. ಹುಬ್ಬಿನ ಮೇಲೆ ಸದಾ ಮರದ ಹೊಟ್ಟು. ನರಸಿಂಹರಾಜಪುರದ ಸಾಮಿಲ್‌ಗೆ ನಾನು ಹಾಜರಿ ಬರೆಯಲು ಸೇರಿದಾಗ ಅವರು ಅಲ್ಲಿ ಗರಗಸದ ಮೇಸ್ತ್ರಿ. ಬೇಲಿಯ ತಂತಿಯೋ ಮೊಳೆಯೋ ಉಳಿದಿದೆಯೇ ಎಂದು ಸುತ್ತಲೂ ತಡವಿ ನೋಡದೆ ಯಾವ ದಿಮ್ಮಿಯನ್ನೂ ಗರಗಸಕ್ಕೆ ಕೊಡುತ್ತಿರಲಿಲ್ಲ.

ನಾನು ಸೇರಿದ ಎರಡನೇ ತಿಂಗಳಲ್ಲಿ ನೆಮ್ಮಾರಿನ ಕೆಲಸಗಾರನೊಬ್ಬನ ಅಂಗೈ ಗರಗಸಕ್ಕೆ ಸಿಕ್ಕಿ ಕೊಯ್ದುಹೋಯಿತು. ಅವನು ಆಸ್ಪತ್ರೆ ಸೇರಿದ. ಮಾಲೀಕರು ಗರಗಸಕ್ಕೆ ಕಾಯಿ ಒಡೆಸಿ, ಹೊಸ ನಿಂಬೆಹಣ್ಣು ಕಟ್ಟಿಸಿ, ಮತ್ತೆ ಚಾಲೂ ಮಾಡಿಸಿದರು. ಅವನ ರಜೆಗೆ ಜ್ವರ ಎಂದು ಬರೆ, ಇಲ್ಲದಿದ್ದರೆ ತನಿಖೆ ಅದೂ ಇದೂ ಅಂತ ಬರುತ್ತಾರೆ ಎಂದರು. ಹೊಸ ಕೆಲಸದ ಭಯ, ಬರೆದೆ.

ಮೇಸ್ತ್ರಿ ಬಂದು ಎಂತ ಬರೆದಿದ್ದೀ ಎಂದು ಕೇಳಿದರು. ಓದಿ ಹೇಳಿದೆ. ಅವರು ಬೈಯಲಿಲ್ಲ. ಕಪಾಟಿನಿಂದ ಹಳೆಯ ಹಾಜರಿ ಪುಸ್ತಕವೊಂದನ್ನು ತೆಗೆಸಿ ತಮ್ಮ ಹೆಸರು ಹುಡುಕಿಸಿದರು. ಒಂದೇ ತಿಂಗಳಲ್ಲಿ ಇಪ್ಪತ್ತು ದಿನ ರಜೆ; ಎದುರಿಗೆ ಜ್ವರ.

“ನೋಡು ತಂಗಿ, ನನ್ನ ಎರಡು ಬೆರಳು ಜ್ವರ ಬಂದು ಹೋದ್ವು,” ಎಂದು ನಕ್ಕರು. “ಪುಸ್ತಕದಲ್ಲಿ ಗರಗಸದ್ದು ತಪ್ಪೇ ಇಲ್ಲ. ಮತ್ತೆ ಕೈ ಸಿಕ್ಕದ ಹಾಗೆ ಅದಕ್ಕೆ ಮುಚ್ಚಳ ಯಾರು ಹಾಕಿಸ್ತಾರೆ ಮಾರಾಯ್ತಿ?”

ನನಗೆ ನಾಚಿಕೆಯಾಯಿತು. ಜ್ವರವನ್ನು ಹೊಡೆದುಹಾಕಿ ‘ಗರಗಸದಿಂದ ಗಾಯ’ ಎಂದು ಬರೆದೆ. ಮಾಲೀಕರು ಸಿಡುಕಿ, ನಾಳೆಯಿಂದ ಬರಬೇಡ ಎಂದರು. ಮೇಸ್ತ್ರಿ ಗರಗಸ ನಿಲ್ಲಿಸಿ, ದಿಮ್ಮಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರು. ಈ ಹುಡುಗಿಯೂ ಕೆಲಸದಲ್ಲಿರಬೇಕು, ಮುಚ್ಚಳವೂ ಬರಬೇಕು, ಅಲ್ಲಿಯವರೆಗೆ ನನಗೂ ಜ್ವರ ಎಂದು ಬರೆದುಕೊಳ್ಳಿ ಎಂದು ಮಾಲೀಕರಿಗೆ ಹೇಳಿದರು. ಮೂರನೇ ದಿನ ಕೊಪ್ಪದಿಂದ ವೆಲ್ಡಿಂಗಿನವರು ಬಂದು ಕಬ್ಬಿಣದ ಮುಚ್ಚಳ ಕೂರಿಸಿದರು. ಆಮೇಲೆ ಆ ಗರಗಸಕ್ಕೆ ಯಾರ ಕೈಯೂ ಸಿಕ್ಕಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಮೇಸ್ತ್ರಿಯವರ ಫೋನ್ ಬಂತು. ದನಿ ಇಳಿದಿತ್ತು.

“ಇವತ್ತು ಬರೋಕಾಗಲ್ಲ ತಂಗಿ. ಜ್ವರ ಅಂತ್ಲೇ ಬರಿ. ಈ ಸಲ ನಿಜವಾಗ್ಲೂ ಜ್ವರ.”

ಇಬ್ಬರೂ ನಕ್ಕೆವು. ಐದು ದಿನ ಅದನ್ನೇ ಬರೆದೆ. ಆರನೆಯ ದಿನ ಅವರ ಮಗಳು ಫೋನ್ ಮಾಡಿ, ಅಪ್ಪ ಹೋದರು ಎಂದಳು. ಪುಸ್ತಕ ತೆರೆದಿಟ್ಟುಕೊಂಡು ಬಹಳ ಹೊತ್ತು ಅತ್ತೆ. ಅವರ ಸಾಲಿನಲ್ಲಿ ಆ ದಿನದ ಜಾಗವನ್ನು ಖಾಲಿ ಬಿಟ್ಟುಬಿಡೋಣ ಅನ್ನಿಸಿತು. ಅವರು ಒಪ್ಪುತ್ತಿರಲಿಲ್ಲ. ಕಣ್ಣೊರೆಸಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಬರೆದೆ.