ನನ್ನ ಹೆಸರಿಗೆ ಬಂದ ಅವಳ ತೆರಿಗೆ

ನಮ್ಮ ಸೀಮೆಯ ಬಸ್ಸಿನಲ್ಲಿ ಯಾರಾದರೂ ‘ಮಹಾದೇವೀ’ ಎಂದು ಕೂಗಿದರೆ ನಾಲ್ವರು ಹೆಂಗಸರಾದರೂ ತಿರುಗಿ ನೋಡುತ್ತಾರೆ. ಅವರಲ್ಲಿ ಇಬ್ಬರು ಬಿರಾದಾರ ಮನೆತನದವರೇ ಆಗಿರುತ್ತಾರೆ. ನಾನೂ ಅಂಥ ಒಬ್ಬ ಮಹಾದೇವಿ ಬಿರಾದಾರ. ಅಜ್ಜಿಯ ಹೆಸರು ಮೊಮ್ಮಗಳಿಗೆ ಇಳಿಯುವ ನಾಡಿನಲ್ಲಿ ಹೆಸರೆಂಬುದು ಊರ ಬಾವಿಯ ನೀರು, ಯಾರು ಬೇಕಾದರೂ ಸೇದಿಕೊಳ್ಳಬಹುದು ಎಂದು ನಾನು ನಗುತ್ತಿದ್ದೆ. ಈ ವರ್ಷ ಆ ನಗು ನಿಂತುಹೋಯಿತು.

ವಿಜಯಪುರದ ಕಾಲೇಜೊಂದರಲ್ಲಿ ಪಾಠ ಹೇಳುವ ನಾನು, ಆದಾಯ ತೆರಿಗೆ ರಿಟರ್ನ್ ತುಂಬಿಸಲೆಂದು ಜಲನಗರದ ನಮ್ಮ ಮನೆಯ ಹತ್ತಿರವೇ ಇರುವ ತೆರಿಗೆ ಸಲಹೆಗಾರರ ಬಳಿ ಹೋಗಿದ್ದೆ. ಅವರು ಕಂಪ್ಯೂಟರಿನಲ್ಲಿ ನನ್ನ ಪ್ಯಾನ್ ಸಂಖ್ಯೆ ಹಾಕಿ ಹುಬ್ಬೇರಿಸಿದರು.

“ಮೇಡಂ, ತಿಕೋಟಾದ ಒಣದ್ರಾಕ್ಷಿ ಘಟಕದಾಗೂ ನೌಕರಿ ಮಾಡ್ತೀರೇನ್ರಿ? ಅಲ್ಲಿಂದ ಪಗಾರ ಬಂದೈತಿ, ತೆರಿಗಿನೂ ಕಟ್ ಆಗೈತಿ ನಿಮ್ಮ ಹೆಸರಿಗೆ.”

ಆ ಘಟಕದ ಬಾಗಿಲನ್ನೂ ನಾನು ಕಂಡವಳಲ್ಲ. ಸುಮ್ಮನಿದ್ದರೆ ಆದಾಯ ಮುಚ್ಚಿಟ್ಟವಳಾಗುತ್ತೇನೆ. ಆ ತೆರಿಗೆಯನ್ನು ನನ್ನದೆಂದು ಕೇಳಿದರೆ ಯಾರದೋ ಬೆವರನ್ನು ಕದ್ದವಳಾಗುತ್ತೇನೆ. ಅಷ್ಟರಲ್ಲಿ ಸಲಹೆಗಾರರ ಮುಖ ಬಾಡಿತು. ಆ ಘಟಕದ ವೇತನ ತೆರಿಗೆಯ ವಿವರ ಸಲ್ಲಿಸುವವರೂ ಅವರೇ. ಅವರ ಪಟ್ಟಿಯಲ್ಲಿ ಮಹಾದೇವಿ ಬಿರಾದಾರರು ಇಬ್ಬರಿದ್ದರು; ಘಟಕದವಳ ಬದಲು ಅವರ ಬೆರಳು ನನ್ನನ್ನು ಆರಿಸಿತ್ತು.

ನಾನೂ ಸಲಹೆಗಾರರೂ ತಿಕೋಟಾಕ್ಕೆ ಹೋದೆವು. ಆ ಇನ್ನೊಬ್ಬ ಮಹಾದೇವಿಯನ್ನು ಕೇಳಿದಾಗ ಘಟಕದ ಮಾಲೀಕರು ನಿರಾಳವಾಗಿ ಹೇಳಿದರು: “ಆಕಿ ಕೆಲಸ ಬಿಟ್ಟು ಹೋಗ್ಯಾಳ್ರಿ. ತೆರಿಗಿ ಬಾಕಿ ಅಂತ ಆಕಿಗೆ ನೋಟಿಸ್ ಬಂದಿತ್ತು. ನಾವು ಕಟ್ಟೇವಿ, ನೀನ ಏನೋ ಕಳ್ಳಾಟ ಮಾಡಿದಿ ಅಂತ ನಾಕ್ ಮಂದಿ ಮುಂದ ಅಂದೆ.”

ಅವಳ ಪಗಾರದಿಂದ ತೆರಿಗೆ ಮುರಿದದ್ದು ನಿಜ, ಸರಕಾರಕ್ಕೆ ಮುಟ್ಟಿದ್ದೂ ನಿಜ. ಆದರೂ ಅವಳು ಕಳ್ಳಿ! ಎಲ್ಲ ನಿಜಗಳೂ ಕೂಡಿ ಇಂಥದೊಂದು ಸುಳ್ಳನ್ನು ಹೆರಬಲ್ಲವೆಂದು ನೀವಾದರೂ ನಂಬುತ್ತಿದ್ದಿರಾ?

ಅವಳ ಮನೆ ಬಬಲೇಶ್ವರದಲ್ಲಿ. ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದವಳು, ನನಗಿಂತ ಹತ್ತಾರು ವರ್ಷ ಚಿಕ್ಕವಳು. ನಡೆದದ್ದನ್ನು ಹೇಳಿದಾಗ ಮೊರ ಅವಳ ಮಡಿಲಲ್ಲೇ ನಿಂತಿತು.

“ನನ್ನ ತೆರಿಗಿ ನಿಮ್ಮ ಹೆಸರಿನ್ಯಾಗ ಇತ್ತೇನ್ರಿ ಅಕ್ಕಾರ?” ಎಂದಳು. ಸಿಟ್ಟಿರಲಿಲ್ಲ; ಅದೇ ನನ್ನನ್ನು ಹೆಚ್ಚು ಚುಚ್ಚಿತು. “ಇಷ್ಟ್ ದಿನ ನಾನ ಏನರೆ ತಪ್ಪು ಮಾಡೇನೇನೋ ಅಂತ ಹುಡುಕಾಕತ್ತಿದ್ದೆ.”

ಮಾಲೀಕರ ಒಪ್ಪಿಗೆ ಪಡೆದು ಸಲಹೆಗಾರರು ಸರಿಯಾದ ಪ್ಯಾನ್ ಹಾಕಿ ತಿದ್ದುಪಡಿ ವಿವರ ಸಲ್ಲಿಸಿದರು. ಕೆಲವು ವಾರಗಳಲ್ಲಿ ಆ ತೆರಿಗೆ ನನ್ನ ಹೆಸರಿನಿಂದ ಸರಿದು ಅವಳ ಹೆಸರಿಗೆ ಕೂತಿತು. ಅದನ್ನು ಕಣ್ಣಾರೆ ಕಂಡ ಮೇಲೆಯೇ ನನ್ನ ರಿಟರ್ನ್ ಸಲ್ಲಿಸಿದೆ. ಅವಳೂ ತೆರಿಗೆ ಇಲಾಖೆಗೆ ಅರ್ಜಿ ಹಾಕಿದಳು, ಬಾಕಿ ರದ್ದಾಯಿತು. ಮಾಲೀಕರು ಅವಳನ್ನು ಮತ್ತೆ ಕೆಲಸಕ್ಕೆ ಕರೆದರು. ಸಂತೋಷದಿಂದ ನಾನೇ ಅವಳಿಗೆ ಫೋನು ಮಾಡಿದೆ.

“ಲೆಕ್ಕ ತಿದ್ದಿದ್ರಿ, ನಿಮಗ ಪುಣ್ಯ ಬರಲಿ,” ಎಂದಳು. “ಆದ್ರ ನಾಕ್ ಮಂದಿ ಮುಂದ ಕಳ್ಳಿ ಅಂದ್ರಲ್ಲ, ಅದನ್ನ ಆ ನಾಕ್ ಮಂದಿ ಮುಂದನ ತಿದ್ದಲಿ. ಆಮ್ಯಾಲ ಬರ್ತೀನಿ.”

ಈ ಮಾತನ್ನು ಮಾಲೀಕರಿಗೆ ಮುಟ್ಟಿಸಿದೆ. ತಿದ್ದುಪಡಿಯ ಕಾಗದಕ್ಕೆ ಮರುಮಾತಿಲ್ಲದೆ ಸಹಿ ಹಾಕಿದ್ದ ಆ ಮನುಷ್ಯ, “ಅಷ್ಟಕ್ಕ ಮಂದಿ ಕೂಡಿಸೂದು ಯಾಕ್ರಿ ಮೇಡಂ?” ಎಂದರು.

ಮಹಾದೇವಿ ಇನ್ನೂ ತಿಕೋಟಾಕ್ಕೆ ಹೋಗಿಲ್ಲ. ನಾನಾಗಿದ್ದರೂ ಹೋಗುತ್ತಿರಲಿಲ್ಲ.